ಖಾಲಿ ಜಾಗ ತುಂಬಿಸ್ಲೇಬೇಕಾ?

ಹೋದ ತಿಂಗಳು ಸಕಲೇಶಪುರ ಕಡೆಯಿಂದ ಒಬ್ಬ ಹುಡುಗ ಹಾಸನದ ನಮ್ಮ ಅಂಗಡಿಗೆ ಬಂದಿದ್ದ, ಅವ್ವ ತೀರ್ಕೊಂಡಿದ್ರು, ನಾಳಿದ್ದೇ ತಿಥಿ, ನಾಲ್ಕು ಬೈ ಆರು ಶ್ರದ್ಧಾಂಜಲಿ ಫ್ಲೆಕ್ಸ್ ಬೇಕು ಅಂದ. ನಾನು ಅವರ ಫೋಟೋ ದೊಡ್ಡದಾಗಿ ಮೇಲೆ ಇಟ್ಟು, ಕೆಳಗೆ ಹೆಸರು, ಅದರ ಕೆಳಗೆ ಸಣ್ಣಕ್ಕೆ ಎರಡು ತಾರೀಖು, ಊರು, ಅಷ್ಟೇ ಹಾಕಿ ಉಳಿದಿದ್ದನ್ನ ಕೆನೆ ಬಣ್ಣದಲ್ಲಿ ಹಾಗೇ ಬಿಟ್ಟಿದ್ದೆ. ಅವನು ನೋಡ್ದ. "ಅಣ್ಣ, ಈ ಕಡೆ ಎಲ್ಲಾ ಖಾಲಿ ಐತಲ್ಲ, ದೀಪ, ಗುಲಾಬಿ ಏನಾದ್ರೂ ಹಾಕಿ, ಅಡಿ ಲೆಕ್ಕದಲ್ಲೇ ತಾನೆ ದುಡ್ಡು ಕೊಡೋದು" ಅಂದ.

ಅವನದ್ದೇನೂ ತಪ್ಪಿಲ್ಲ, ಚದರಡಿಗೆ ಇಷ್ಟು ಅಂತ ದುಡ್ಡು ತಗೊಳ್ಳೋ ವ್ಯವಹಾರದಲ್ಲಿ ಖಾಲಿ ಬಿಟ್ಟ ಜಾಗ ಅಂದ್ರೆ ಯಾರಿಗಾದ್ರೂ ನಷ್ಟ ಅಂತಲೇ ಅನ್ಸೋದು. ಹಾಗಾಗಿ ಅವನು ಕೇಳ್ದಂಗೆ ದೀಪ, ಹೂವು, ಬಾರ್ಡರ್ ಎಲ್ಲಾ ಸೇರಿಸಿ ಇನ್ನೊಂದು ಮಾಡ್ದೆ, ಎರಡನ್ನೂ ಎ3 ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿ, ರಸ್ತೆ ಆಚೆ ನಿಂತು ನೋಡಪ್ಪ, ಮೊದಲು ಏನು ಕಾಣುತ್ತೆ ಹೇಳು ಅಂದೆ. ಒಂದ್ರಲ್ಲಿ ದೀಪ ಕಾಣ್ತು ಅಂದ. ಇನ್ನೊಂದ್ರಲ್ಲಿ? "ಅವ್ವ" ಅಂದ. ಅದನ್ನೇ ತಗೊಂಡು ಹೋದ.

ಡಿಸೈನ್ ಕಲಿಸೋರು ಗೆರೆ, ಆಕಾರ, ಬಣ್ಣ, ಟೆಕ್ಸ್ಚರ್, ಅಕ್ಷರ ಅಂತೆಲ್ಲಾ ಹೇಳಿ ಕೊನೆಗೆ ಸ್ಪೇಸ್ ಅಂತ ಒಂದು ಸೇರಿಸ್ತಾರೆ. ನನ್ನ ಪ್ರಕಾರ ಸ್ಪೇಸೇ ಮೊದಲು ಬರ್ಬೇಕು. ಜಾಗ ಬಿಡದೆ ಹೋದ್ರೆ ಮಿಕ್ಕಿದ್ದೆಲ್ಲಾ ಒಂದರ ಮೇಲೊಂದು ಬಿದ್ದು ಕಣ್ಣಿಗೆ ಯಾವುದೂ ಸಿಗಲ್ಲ.

ಇದಕ್ಕೆ ಒಬ್ರು ಮೇಷ್ಟ್ರು ನಂಗೆ ಸರಿಯಾದ ಪ್ರಶ್ನೆ ಹಾಕಿದ್ರು, "ಹಂಗಾದ್ರೆ ಹಳೇಬೀಡು? ಅಲ್ಲಿ ಬೆರಳಿಡೋಕೆ ಜಾಗ ಇಲ್ಲ, ಪ್ರಪಂಚವೇ ಬಂದು ನೋಡುತ್ತಲ್ಲ?" ಅಂತ. ಆ ಪ್ರಶ್ನೆ ತಲೇಲಿಟ್ಕೊಂಡೇ ನಾನು ಹೊಯ್ಸಳೇಶ್ವರ ದೇವಸ್ಥಾನಕ್ಕೆ ಮತ್ತೆ ಹೋಗಿ ಅರ್ಧ ದಿನ ಗೋಡೆ ಮುಂದೆ ನಿಂತಿದ್ದೆ. ತಳದಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಒಂದು ಸಾಲಿನ ಪ್ರಾಣಿ ಇನ್ನೊಂದು ಸಾಲಿಗೆ ನುಗ್ಗಲ್ಲ. ಸಾಲು ಸಾಲಿನ ನಡುವೆ ಕಲ್ಲನ್ನ ಒಳಕ್ಕೆ ಕೊರೆದಿದಾರೆ, ಬಿಸಿಲು ಬಿದ್ದಾಗ ಅಲ್ಲಿ ಕಪ್ಪು ನೆರಳಿನ ಗೆರೆ ಕೂರುತ್ತೆ ನೋಡಿ, ಆ ನೆರಳೇ ಅವರು ಬಿಟ್ಟ ಜಾಗ! ಭಾರದ ಆನೆ ಕೆಳಗೆ, ಹಗುರದ ಹಂಸ ಮೇಲೆ, ಅದಕ್ಕೂ ಮೇಲೆ ದೊಡ್ಡ ದೇವರ ವಿಗ್ರಹಗಳು. ಎಲ್ಲದಕ್ಕೂ ಒಂದೇ ಬಳಪದ ಕಲ್ಲು, ಒಂದೇ ಬಣ್ಣ. ಸುತ್ತ ಓಡಾಡೋ ಜಗತಿ, ಅಂದ್ರೆ ದೇವಸ್ಥಾನ ನಿಂತಿರೋ ಎತ್ತರದ ಕಟ್ಟೆ, ಅಗಲವಾಗಿ ಬರಿದಾಗಿದೆ, ಹಿಂದಕ್ಕೆ ಸರಿದು ನಿಂತು ನೋಡೋಕೆ ಅಂತ. 12ನೇ ಶತಮಾನದ ಕೆಲಸ, 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರ್ತು. ಮೇಷ್ಟ್ರಿಗೆ ಫೋನ್ ಮಾಡಿ ಇದನ್ನೆಲ್ಲಾ ಹೇಳ್ದೆ, ಖುಷಿ ಪಟ್ರು.

ಇನ್ನು ಅಕ್ಷರದ ವಿಷಯ, ಇದು ನಂಗೆ ನಿಜವಾಗ್ಲೂ ಹೊಟ್ಟೆ ಉರಿಸೋದು. ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟೋ ಸಾಫ್ಟ್‌ವೇರ್‌ಗಳಲ್ಲಿ, ಸಾಲಿನ ಅಂತರ ತಾನಾಗೇ ಅಕ್ಷರದ ಸೈಜಿನ 120% ಅಂತ ಬರುತ್ತೆ, ಇಂಗ್ಲಿಷ್‌ಗೆ ಸಾಕು. ನಮ್ಮದ್ರಲ್ಲಿ "ರಾಷ್ಟ್ರೀಯ" ಅಂತ ಟೈಪ್ ಮಾಡಿ ನೋಡಿ, ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು, ಕೆಳಗಿನ ಸಾಲಲ್ಲಿ ಒಂದು "ಹಿ" ಇದ್ರೆ ಅದರ ಗುಡಿಸು ಹೋಗಿ ಒತ್ತಿಗೆ ತಗುಲುತ್ತೆ. ನಾನು 150%ಗಿಂತ ಕಮ್ಮಿ ಇಡಲ್ಲ, ಜಾಗ ಸಾಲಲ್ಲ ಅಂದ್ರೆ ಮ್ಯಾಟರ್ ಕಮ್ಮಿ ಮಾಡಿ ಅಂತ ಕೈ ಮುಗಿದು ಕೇಳ್ಕೋತೀನಿ, ಅಕ್ಷರ ಮಾತ್ರ ಹಿಂಡಲ್ಲ. ಅಡ್ಡಕ್ಕೆ ಎಳೆದು ಚಪ್ಪಟೆ ಮಾಡೋದು, ಅಕ್ಷರದ ಅಂಚಿಗೆ ಮೂರು ಸುತ್ತು ಸ್ಟ್ರೋಕ್ (ಗೆರೆ) ಕೊಡೋದು ಇವೂ ಅಷ್ಟೇ, ಒತ್ತಕ್ಷರದ ಒಳಗಿನ ಸಣ್ಣ ಸಣ್ಣ ಕಿಂಡಿಗಳೆಲ್ಲಾ ಮುಚ್ಚಿಹೋಗುತ್ತೆ.

ಬಣ್ಣದ ಬಗ್ಗೆ ಒಂದೇ ಮಾತು, ಮೊಬೈಲಲ್ಲಿ ಹೊಳೆಯೋ ಹಸಿರು ಪ್ರಿಂಟಲ್ಲಿ ಬರಲ್ಲ, ಸ್ಕ್ರೀನ್ ಬೆಳಕಿಂದ ಬಣ್ಣ ಕಟ್ಟುತ್ತೆ, ಪ್ರಿಂಟರ್ ನಾಲ್ಕು ಇಂಕಿಂದ. ದಯವಿಟ್ಟು ಅದಕ್ಕೆ ಜಗಳ ಆಡ್ಬೇಡಿ.

ಮೊನ್ನೆ ಒಂದು ಕಡೆ ದೊಡ್ಡ ಬೋರ್ಡಲ್ಲಿ "ಶಿಕ್ಷಣ" ಅನ್ನೋದ್ರಲ್ಲಿ ಕ ಬೇರೆ, ಷ ಬೇರೆ ಆಗಿ ಮುರಿದು ಬಿದ್ದಿತ್ತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕ ಜಿಲ್ಲೆ ಕಣ್ರೀ ನಮ್ಮದು, ಕಲ್ಲಲ್ಲಿ ಕೊರೆದೋರಿಗೆ ಒತ್ತಕ್ಷರ ಬರೆಯೋಕೆ ಆಗಿತ್ತು. ನೋಡಿ ತುಂಬಾ ಬೇಜಾರಾಯ್ತು. ಇದಕ್ಕೆ ಪರಿಹಾರ ಎರಡು ನಿಮಿಷದ್ದು, ಇನ್‌ಡಿಸೈನ್ ಅನ್ನೋ ಡಿಟಿಪಿ ಸಾಫ್ಟ್‌ವೇರ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ ಮೆನು ತೆಗೆದು ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿದ್ರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತೆ. ಹಾಸನದಲ್ಲಿ ಡಿಟಿಪಿ ಮಾಡೋ ಹುಡುಗ್ರು ಯಾರಾದ್ರೂ ಇದರಲ್ಲಿ ಒದ್ದಾಡ್ತಿದ್ರೆ ಅಂಗಡಿಗೆ ಬನ್ನಿ, ಸಂಜೆ ಏಳರ ಮೇಲೆ ನಾನು ಫ್ರೀ ಇರ್ತೀನಿ, ಕೂತು ತೋರಿಸ್ಕೊಡ್ತೀನಿ.