ತೆರಿಗೆಯಲ್ಲಿ ಉಳಿದದ್ದು ಫೀಸಿಗೆ ಹೋಯಿತು
12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲದಂತಾಗಿ ಮಧ್ಯಮ ವರ್ಗದ ಕೈಯಲ್ಲಿ ದುಡ್ಡು ಓಡಾಡುತ್ತಿದೆ ಎಂದು ಬರೆದಿದ್ದೀರಿ. 2025ರ ಬಜೆಟ್ಟಿನ ಆ ನಿರ್ಧಾರ ನಮ್ಮ ಮನೆಗೂ ನೆರವಾಯಿತು, ಸುಳ್ಳು ಹೇಳಲಾರೆ. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ಹೋಗಿದ್ದಂತೂ ಜಾಸ್ತಿ ಖುಷಿ ಕೊಟ್ಟಿತು. ಅಮ್ಮನ ಪಾಲಿಸಿ ಕಟ್ಟುವಾಗ ರಸೀದಿಯಲ್ಲಿ ಆ ಸಾಲು ನೋಡಿದರೇ ಹೊಟ್ಟೆ ಉರಿಯುತ್ತಿತ್ತು.

ಆದರೆ ಜೂನ್ ಬಂತೆಂದರೆ? ಮಗಳ ಶಾಲೆಯ ಫೀಸು, ವ್ಯಾನು, ಪುಸ್ತಕ, ಎರಡು ಜೊತೆ ಯೂನಿಫಾರ್ಮ್, ಶೂ. ತೆರಿಗೆಯಲ್ಲಿ ಉಳಿದದ್ದೆಲ್ಲ ಅಲ್ಲೇ ಖಾಲಿ. ಪಕ್ಕದ ಬೀದಿಯಲ್ಲೇ ಸರ್ಕಾರಿ ಶಾಲೆ ಇದೆ. ತರಗತಿಗೊಬ್ಬರು ಟೀಚರ್ ಇದ್ದಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆ. ಮೊದಲು ಆ ಹುದ್ದೆಗಳನ್ನು ತುಂಬಬೇಕು, ಅಲ್ವಾ?