ಲೈಸೆನ್ಸ್ ಇದೆ, ಆದರೆ ರೈಲು ಹತ್ತಿದರೆ ಅಪರಾಧ

ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಮಂಗಳವಾರ ರಾತ್ರಿ, ನ್ಯೂಯಾರ್ಕಿನ ಕ್ವೀನ್ಸ್. ನಾನು ನರ್ಸ್, ನೈಟ್ ಶಿಫ್ಟಿಗೆ ಹೊರಟಿದ್ದೆ. ಸಬ್‌ವೇ, ಅಂದರೆ ಇಲ್ಲಿನ ಮೆಟ್ರೋ ರೈಲಿನ ಬೋಗಿಯಲ್ಲಿ ಹದಿನೈದು ಜನ ಇದ್ದೆವೇನೋ. ಎದುರು ಸೀಟಿನಲ್ಲಿ ಒಬ್ಬ ಅಜ್ಜ, ತೊಡೆಯ ಮೇಲೆ ಕಿತ್ತಳೆ ಹಣ್ಣಿನ ಚೀಲ ಇಟ್ಟುಕೊಂಡು ತೂಕಡಿಸುತ್ತಿದ್ದರು. ಬಾಗಿಲ ಹತ್ತಿರ ಗೊಣಗುತ್ತಾ ನಿಂತಿದ್ದವನೊಬ್ಬ ಇದ್ದಕ್ಕಿದ್ದಂತೆ ಬಂದು, ರಟ್ಟಿನ ಡಬ್ಬ ಕೊಯ್ಯುತ್ತಾರಲ್ಲ ಆ ಬ್ಲೇಡ್ ಚಾಕು, ಅದನ್ನು ತೆಗೆದು ಅಜ್ಜನ ಮುಖಕ್ಕೆ ಎಳೆದ. ಒಂದು ಸಲ ಅಲ್ಲ, ಮೂರು ಸಲ. ಅಜ್ಜ ಕೂಗಲೂ ಇಲ್ಲ. ಕಿತ್ತಳೆಗಳೆಲ್ಲ ಉರುಳಿಕೊಂಡು ನಮ್ಮ ಕಾಲ ಹತ್ತಿರ ಬಂದವು. ಒಬ್ಬ ಹುಡುಗ ಮಾತ್ರ ಧೈರ್ಯ ಮಾಡಿ ತನ್ನ ಬ್ಯಾಗು ಎಸೆದ. ಉಳಿದವರೆಲ್ಲ ಆ ತುದಿಗೆ ಒತ್ತಿಕೊಂಡು ನಿಂತಿದ್ದೆವು. ಸ್ಟೇಷನ್ ಬಂತು, ಬಾಗಿಲು ತೆರೆಯಿತು, ಅವನು ಇಳಿದು ನಡೆದುಕೊಂಡು ಹೋದ. ಓಡಲೂ ಇಲ್ಲ! ನಾನು ಶಾಲು ಮಡಚಿ ಅಜ್ಜನ ಕೆನ್ನೆಗೆ ಒತ್ತಿ ಹಿಡಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ. ಜೀವಕ್ಕೇನೂ ಆಗಿಲ್ಲ, ಅಷ್ಟು ಸಾಕು.

ಈಗ ನನ್ನ ಸಿಟ್ಟು ಯಾಕೆ ಅಂತ ಹೇಳುತ್ತೇನೆ. ನನ್ನ ಹತ್ತಿರ ಪಿಸ್ತೂಲು ಇದೆ. ಜೊತೆಯಲ್ಲಿ ಇಟ್ಟುಕೊಂಡು ಓಡಾಡುವ ಲೈಸೆನ್ಸೂ ಇದೆ. ಆ ರಾತ್ರಿ ಅದು ಮನೆಯ ಲಾಕರಿನಲ್ಲಿತ್ತು. ಮರೆತು ಬಂದಿದ್ದಲ್ಲ, ಕಾನೂನಿಗೆ ಹೆದರಿ ಬಿಟ್ಟು ಬಂದಿದ್ದು.

ಇಲ್ಲಿ ಕೈಪಿಸ್ತೂಲಿಗೆ ಲೈಸೆನ್ಸ್ ಬೇಕು ಅನ್ನುವ ಕಾನೂನು 1911ರಿಂದ ಇದೆ. ಸುಮ್ನೆ ಆತ್ಮರಕ್ಷಣೆಗೆ ಅಂದರೆ ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ, ಬೇರೆ ಯಾರಿಗೂ ಇಲ್ಲದ ವಿಶೇಷ ಕಾರಣ ತೋರಿಸಬೇಕಿತ್ತು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3 ಬಹುಮತದಲ್ಲಿ ಆ ವಿಶೇಷ ಕಾರಣದ ಷರತ್ತನ್ನು ಹೊಡೆದು ಹಾಕಿತು. ರಾಜ್ಯದವರು ಸುಮ್ಮನಿದ್ದರಾ? ಎಂಟೇ ದಿನದಲ್ಲಿ ಹೊಸ ಕಾನೂನು ತಂದರು. 16 ಗಂಟೆ ಪಾಠ, 2 ಗಂಟೆ ಗುಂಡು ಹೊಡೆಯುವ ತರಬೇತಿ, ನನ್ನ ನಡತೆ ಒಳ್ಳೆಯದು ಅಂತ ಹೇಳಲು ನಾಲ್ಕು ಜನ, ಸಂದರ್ಶನ, ಅರ್ಜಿಗೆ 340 ಡಾಲರ್, ಬೆರಳಚ್ಚಿಗೆ ಬೇರೆ ದುಡ್ಡು. ಎಲ್ಲಾ ಮಾಡಿದೆ, ತಕರಾರು ಮಾಡಲಿಲ್ಲ, ಬೇಕಾದ್ದೇ ಅಂದುಕೊಂಡೆ.

ಆಮೇಲೆ ನೋಡಿದರೆ ‘ಸೂಕ್ಷ್ಮ ಸ್ಥಳ’ ಅಂತ ಒಂದು ಉದ್ದ ಪಟ್ಟಿ. ಸಬ್‌ವೇ ರೈಲು, ಸ್ಟೇಷನ್, ಬಸ್ಸು, ಪಾರ್ಕು, ಆಸ್ಪತ್ರೆ, ಲೈಬ್ರರಿ, ಥಿಯೇಟರ್, ಟೈಮ್ಸ್ ಸ್ಕ್ವೇರ್. ಅಲ್ಲಿ ಲೈಸೆನ್ಸ್ ಇದ್ದರೂ ಒಯ್ಯುವಂತಿಲ್ಲ, ಸಿಕ್ಕಿಬಿದ್ದರೆ 4 ವರ್ಷದವರೆಗೆ ಜೈಲು. ನನ್ನ ಓಡಾಟ ಮನೆಯಿಂದ ರೈಲು, ರೈಲಿಂದ ಆಸ್ಪತ್ರೆ. ನನಗೆ ಆ ಲೈಸೆನ್ಸ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಹೇಳಿ, ಮನೆಯಿಂದ ಸ್ಟೇಷನ್ ಮೆಟ್ಟಿಲವರೆಗಾ?

ಈ ಪಟ್ಟಿ ನೋಡಿ ವಾಪಸ್ ಹೋಗುವವರು ನನ್ನಂಥವರು. ಬ್ಲೇಡ್ ಹಿಡಿದವನು ಓದುತ್ತಾನಾ? 2022ರ ಏಪ್ರಿಲ್ 12ರಂದು ಬ್ರೂಕ್ಲಿನ್‌ನಲ್ಲಿ ಒಬ್ಬ ರೈಲಿನೊಳಗೆ ಹೊಗೆ ಬಿಟ್ಟು 33 ಗುಂಡು ಹಾರಿಸಿದ, 10 ಜನಕ್ಕೆ ತಗಲಿತು. ಆ ಪಿಸ್ತೂಲನ್ನು ಇಲ್ಲಿಗೆ ತರಲು ಅವನಿಗೆ ಯಾವ ಕಾನೂನೂ ಅಡ್ಡ ಬರಲಿಲ್ಲ. ಜನ ಉಳಿದದ್ದು ಅವನ ಪಿಸ್ತೂಲು ಕಚ್ಚಿಕೊಂಡು ನಿಂತದ್ದರಿಂದ.

ಪೊಲೀಸರಿದ್ದಾರಲ್ಲ ಅಂತೀರಿ. 2011ರಲ್ಲಿ ಇದೇ ಊರಿನ ರೈಲಿನಲ್ಲಿ, ಆಗಲೇ ಕೊಲೆಗಳನ್ನು ಮಾಡಿ ಬಂದಿದ್ದವನೊಬ್ಬ ಪ್ರಯಾಣಿಕನ ಮೇಲೆ ಚಾಕು ಬೀಸಿದ. ಇಬ್ಬರು ಪೊಲೀಸರು ಮುಂದೆ ಡ್ರೈವರ್ ಕೋಣೆಯಲ್ಲೇ ಇದ್ದರು. ಬರಿಗೈಯಲ್ಲಿ ಅವನನ್ನು ಕೆಡವಿದ್ದು ತಲೆಯಿಂದ ರಕ್ತ ಸುರಿಯುತ್ತಿದ್ದ ಆ ಪ್ರಯಾಣಿಕನೇ. ಆಮೇಲೆ ಅವನು ಕೇಸು ಹಾಕಿದರೆ, ನಿನ್ನೊಬ್ಬನನ್ನು ಕಾಪಾಡುವ ವಿಶೇಷ ಹೊಣೆ ಪೊಲೀಸರಿಗೆ ಇರಲಿಲ್ಲ ಅಂತ 2013ರಲ್ಲಿ ಕೋರ್ಟು ವಜಾ ಮಾಡಿತು. ಹಾಗಾದರೆ ಹೊಣೆ ಯಾರದು? ಅವರಿಗೂ ಇಲ್ಲ, ನಮಗೂ ಬಿಡುವುದಿಲ್ಲ. ಇದು ಯಾವ ನ್ಯಾಯ?

ತುಂಬಿದ ಬೋಗಿಯಲ್ಲಿ ಗುಂಡು ಹಾರಿಸಿದರೆ ಬೇರೆಯವರಿಗೆ ತಗಲುವುದಿಲ್ವಾ ಅಂತ ಗೆಳತಿ ಕೇಳಿದಳು. ತಗಲಬಹುದು. 2012ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಪೊಲೀಸರ ಗುಂಡು ಮತ್ತು ಅದರ ಚೂರು ತಗಲಿಯೇ 9 ದಾರಿಹೋಕರಿಗೆ ಗಾಯವಾಗಿತ್ತು. ಗುಂಡಿನ ಗಾಯ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ವಾರ್ಡಿನಲ್ಲಿ ನೋಡುತ್ತೇನೆ. ಮಂಗಳವಾರ ನಾನು ಗುಂಡು ಹಾರಿಸುತ್ತಿದ್ದೆ ಅಂತಲೂ ಹೇಳುತ್ತಿಲ್ಲ. ಕೈಯಲ್ಲಿ ಹಿಡಿದು ‘ಬಿಡು ಅವರನ್ನ’ ಅಂದಿದ್ದರೆ ಸಾಕಾಗುತ್ತಿತ್ತೇನೋ. 18 ಗಂಟೆ ತರಬೇತಿ ಸಾಲದು ಅಂದರೆ 80 ಗಂಟೆ ಮಾಡಿ, ವರ್ಷ ವರ್ಷ ಪರೀಕ್ಷೆ ಇಡಿ, ಬರುತ್ತೇನೆ. ಪೆಪ್ಪರ್ ಸ್ಪ್ರೇ ಇಟ್ಟುಕೋ ಅನ್ನುವವರು ಮುಚ್ಚಿದ ಬೋಗಿಯಲ್ಲಿ ಒಮ್ಮೆ ಹೊಡೆದು ನೋಡಲಿ, ಮೊದಲು ಉಸಿರು ಕಟ್ಟುವುದು ಆ ಅಜ್ಜನಿಗೇ.

ನಾನು ಕೊಡಗಿನವಳು. ನಮ್ಮದು ಜಮ್ಮಾ ಮನೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವ ಮನೆ, ಅಂಥವರ ಕೋವಿಗೆ ಲೈಸೆನ್ಸೇ ಬೇಡ, ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವಳು ನಾನು. ಕಾಫಿ ತೋಟದ ಊರೂ ಈ ಊರೂ ಒಂದೇ ಅಲ್ಲ, ಗೊತ್ತು. ಆದರೆ ಕೋವಿ ಇರುವ ಮನೆಯವರನ್ನೆಲ್ಲ ಅನುಮಾನದಿಂದ ನೋಡುವುದನ್ನು ಅಲ್ಲಿ ಯಾರೂ ನನಗೆ ಕಲಿಸಲಿಲ್ಲ.

ನಿನ್ನೆ ಅವ್ವನಿಗೆ ಫೋನಿನಲ್ಲಿ ಎಲ್ಲಾ ಹೇಳಿದೆ. ‘ಅಷ್ಟು ದುಡ್ಡು ಕೊಟ್ಟು ಲೈಸೆನ್ಸ್ ಮಾಡಿಸಿದ್ದೆಯಲ್ಲ ಮಗಳೇ, ಮತ್ತೆ?’ ಅಂದಳು. ರೈಲಿನಲ್ಲಿ ಬಿಡುವುದಿಲ್ಲ ಅವ್ವ ಅಂದೆ. ‘ರೈಲಿನಲ್ಲಿ ಬಿಡದೆ ಮತ್ತೆಲ್ಲಿ ಬಿಡುತ್ತಾರೆ?’ ಅಂತ ಕೇಳಿದಳು.

ಇವತ್ತು ರಾತ್ರಿ ಮತ್ತೆ ಡ್ಯೂಟಿ. ಕ್ಯಾಬ್ ಮಾಡಿಕೊಂಡು ಹೋಗು ಅಂತ ಗಂಡ ಹೇಳುತ್ತಿದ್ದಾರೆ. ಒಂದು ದಿನ ಹೋಗಬಹುದು, ದಿನಾ ಯಾರಿಗಾಗುತ್ತದೆ? ನಾಳೆಯಿಂದ ಅದೇ ರೈಲು, ಅದೇ ಬರಿಗೈ.