ಎರಡನೇ ಬ್ಲಾಕ್, ಆರನೇ ಹಲ್ಲು

ಬೆಳಗ್ಗೆ ಐದೂವರೆಗೆ ಅಮೆರಿಕದಿಂದ ಫೋನ್ ಬಂದರೆ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ನ್ಯೂಜೆರ್ಸಿಗೆ ಹೋಗಿ ಇಪ್ಪತ್ತೆಂಟು ವರ್ಷವಾದರೂ ನಮ್ಮಕ್ಕನಿಗೆ ಟೈಮ್ ಲೆಕ್ಕ ಹಾಕಲು ಬರುವುದಿಲ್ಲ, ಅಷ್ಟೆ. ಆದರೆ ಆವತ್ತು ವಿಡಿಯೋದಲ್ಲಿ ಅಕ್ಕನ ಮುಖ ಇರಲಿಲ್ಲ. ಸ್ಕ್ರೀನ್ ತುಂಬಾ ಬರೀ ಬಾಯಿ. ಒಳಗೆ ಟಾರ್ಚ್ ಬೆಳಕು ಬೇರೆ.

"ಕಾಣ್ತಿದ್ಯೇನೇ? ನಿನ್ನ ಕೋಡುಬಳೆ ಮಾಡಿರೋ ಕೆಲಸ ನೋಡು."

ಎಡಗಡೆ ಮೇಲಿನ ದವಡೆ ಹಲ್ಲು ಅರ್ಧ ಹಾರಿಹೋಗಿತ್ತು. ಕೋಡುಬಳೆ ನಾನೇ ಕಳಿಸಿದ್ದು. ಆ ಸಲ ಹಿಟ್ಟಿಗೆ ಕಾದ ಎಣ್ಣೆ ಕಮ್ಮಿ ಬಿದ್ದು ಸ್ವಲ್ಪ ಗಟ್ಟಿಯಾಗಿತ್ತು, ಒಪ್ಪಿಕೊಳ್ಳುತ್ತೇನೆ. ನಮ್ಮನೆಯವರು ಅದನ್ನು ಕಾಫಿಯಲ್ಲಿ ಅದ್ದಿಕೊಂಡು ತಿಂದಿದ್ದರು. ಆ ವಿಷಯ ಹೇಳದೆ ಪಾರ್ಸೆಲ್ ಕಟ್ಟಿದ್ದು ನನ್ನದೇ ತಪ್ಪು.

ಅಲ್ಲಿನ ಡೆಂಟಿಸ್ಟು ನೋಡಿ ರೂಟ್ ಕೆನಾಲ್, ಮೇಲೊಂದು ಕ್ಯಾಪು, ಒಟ್ಟು ಮೂರು ಸಾವಿರ ಡಾಲರ್ ಚಿಲ್ಲರೆ ಅಂದರಂತೆ. ಜೊತೆಗೆ ಹೋಗಿದ್ದ ಭಾವ ಸುಮ್ನೆ ಕೂತಿದ್ದರೆ ಆಗುತ್ತಿತ್ತು. ಬಂದಿದ್ದೇನಲ್ಲ ಅಂತ ಅವರೂ ಬಾಯಿ ತೆರೆದರು. ಬಲಗಡೆ ಕೆಳಗಿನ ಒಂದು ಹಲ್ಲು ಕೀಳಿಸಿ ಎಷ್ಟೋ ವರ್ಷವಾಗಿತ್ತು. ಅಲ್ಲಿಗೆ ಇಂಪ್ಲಾಂಟು, ಅಂದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಮೇಲೆ ಹಲ್ಲು ಕಟ್ಟುವುದು, ಅದಕ್ಕೆ ಇನ್ನೂ ಐದು ಸಾವಿರ. ಆ ದೇಶದಲ್ಲಿ ಮೈಗೆ ಒಂದು ಇನ್ಶೂರೆನ್ಸ್, ಹಲ್ಲಿಗೆ ಇನ್ನೊಂದು. ಹಲ್ಲು ಮನೆಯವರಲ್ಲ, ಔಟ್‌ಹೌಸಿನಲ್ಲಿರುವ ಬಾಡಿಗೆಯವರು ಅನ್ನುವ ಹಾಗೆ. ಅಕ್ಕನ ಹಲ್ಲಿನ ಇನ್ಶೂರೆನ್ಸು ವರ್ಷಕ್ಕೆ 1500 ಡಾಲರ್ ದಾಟಿದರೆ ಕೈ ಎತ್ತಿಬಿಡುತ್ತದೆ.

"ಎರಡು ಟಿಕೆಟ್ ತಗೊಂಡು ಬಂದು, ಹಲ್ಲು ಮಾಡಿಸ್ಕೊಂಡು, ನಾಲ್ಕು ಸೀರೆ ತಗೊಂಡು ವಾಪಸ್ ಬಂದ್ರೂ ದುಡ್ಡು ಉಳಿಯುತ್ತೆ ಕಣೇ. ನಂಬೋ ಅಂಥ ಒಂದು ಕ್ಲಿನಿಕ್ ನೋಡಿಡು" ಅಂದಳು ಅಕ್ಕ.

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಮ್ಮ, "ಎಲ್ಲಾ ಕಿತ್ತು ಹಾಕಿಸ್ಕೊಳ್ಳೋಕೆ ಹೇಳೇ, ನನ್ನ ಥರ ನಿಶ್ಚಿಂತೆ" ಅಂದರು. ಅಮ್ಮನ ಹಲ್ಲಿನ ಸೆಟ್ಟು ರಾತ್ರಿ ಹಾರ್ಲಿಕ್ಸ್ ಬಾಟಲಿಯಲ್ಲಿ ಮಲಗುತ್ತದೆ. ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲಿ ಕಟ್ಟಿಸಿದ್ದು. ಇವತ್ತಿಗೂ ಚಕ್ಕುಲಿ ಕಡಿಯುತ್ತಾರೆ.

ಭಾವ ಹುಟ್ಟಿ ಬೆಳೆದದ್ದು ಗಾಂಧಿಬಜಾರಿನಲ್ಲಿ. ಆದರೆ ಅವರು ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಬೆಂಗಳೂರು ಪರದೇಶಗಳ ಸಾಲಿನಲ್ಲಿ ಕೂತಿತ್ತು. ಮೊದಲು ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್. ಅರಿಜೋನಾದ ಯೂಮಾ ಹತ್ತಿರ ಗಡಿ ದಾಟಿದರೆ ಸಿಗುವ ಪುಟ್ಟ ಊರು, ಬೀದಿ ತುಂಬಾ ಡೆಂಟಿಸ್ಟುಗಳೇ. ದವಡೆ ಹಲ್ಲಿನ ಊರು ಅಂತಲೇ ಅದಕ್ಕೆ ಅಡ್ಡಹೆಸರು. ಆಮೇಲೆ ಹಂಗೆರಿ, ಯುರೋಪಿನವರು ಹಲ್ಲು ಕಟ್ಟಿಸಲು ಹೋಗುವ ಜಾಗ. ಆಮೇಲೆ ಟರ್ಕಿ. ಇಂಗ್ಲೆಂಡಿನ ಹುಡುಗ ಹುಡುಗಿಯರು ಅಲ್ಲಿಗೆ ಹೋಗಿ ಗಟ್ಟಿಮುಟ್ಟಾದ ಹಲ್ಲನ್ನೇ ಗೂಟದ ಹಾಗೆ ಅರೆಸಿಕೊಂಡು, ಮೇಲೆ ಬೆಳ್ಳಗಿನ ಕ್ಯಾಪು ಕೂರಿಸಿಕೊಂಡು ಬರುತ್ತಾರಂತೆ. ಒಮ್ಮೆ ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಭಾವ ಆ ಸಾಲಿಗೆ ಕೆಂಪು ಬಣ್ಣ ಬಳಿದಿದ್ದರು. ಕೊನೆಗೆ ಬೆಂಗಳೂರು ಗೆದ್ದಿದ್ದು 'ಊಟ, ವಸತಿ' ಅನ್ನುವ ಕಾಲಮ್ಮಿನಲ್ಲಿ. ಅಲ್ಲಿ ನಮ್ಮನೆ ವಿಳಾಸ ಇತ್ತು. ಎದುರಿಗೆ ಸೊನ್ನೆ.

ಇನ್ನೊಂದು ಶೀಟಿನಲ್ಲಿ ಕ್ಲಿನಿಕ್ಕಿನವರಿಗೆ ನಾನು ಕೇಳಬೇಕಾದ ಇಪ್ಪತ್ತೆರಡು ಪ್ರಶ್ನೆ. ಓದುತ್ತಾ ನನಗೇ ನಾಚಿಕೆಯಾಯಿತು. ಒಂದನ್ನೂ ನಾನು ಜನ್ಮದಲ್ಲಿ ಯಾರಿಗೂ ಕೇಳಿಲ್ಲ. ಬದನೆಕಾಯಿಗೆ ಮೂರು ಗಾಡಿ, ಸೀರೆಗೆ ಐದು ಅಂಗಡಿ ತಿರುಗುವವಳು ನಾನು. ಹದಿನೈದು ವರ್ಷ ಹೋಗುತ್ತಿದ್ದ ಡೆಂಟಿಸ್ಟನ್ನು ಮಾತ್ರ ಕ್ಲಿನಿಕ್ ಕೆಳಗೆ ಸ್ಕೂಟರ್ ನಿಲ್ಲಿಸಲು ನೆರಳಿದೆ ಅಂತ ಆರಿಸಿದ್ದೆ. ಅವರು ಕ್ಲಿನಿಕ್ ಮುಚ್ಚಿ ಮಗನ ಊರಿಗೆ ಹೋದಾಗ ನನಗೆ ಬೇಜಾರಾಗಿದ್ದೂ ಆ ನೆರಳಿಗೇ.

ಮೊದಲು ಹೋಗಿದ್ದು ಒಂದು ದೊಡ್ಡ ಕ್ಲಿನಿಕ್ಕಿಗೆ. ಎರಡು ಮಹಡಿ, ಗಾಜಿನ ಬಾಗಿಲು, ಕೂತರೆ ಏಳಲಾಗದಂಥ ಸೋಫಾ. ನಾನು ಚೀಟಿ ತೆಗೆದು ಮೊದಲ ಎರಡು ಪ್ರಶ್ನೆ ಓದಿದೆ. "ಡಾಕ್ಟರ ಕರ್ನಾಟಕ ಸ್ಟೇಟ್ ಡೆಂಟಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಎಷ್ಟು? ಖಾಸಗಿ ಆಸ್ಪತ್ರೆಗಳ 2007ರ ಕೆಪಿಎಂಇ ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಸರ್ಟಿಫಿಕೇಟ್ ಎಲ್ಲಿ ತೂಗುಹಾಕಿದ್ದೀರಿ?"

ರಿಸೆಪ್ಷನಿನ ಹುಡುಗಿ ಎದ್ದು ನಿಂತಳು. ಒಳಗೆ ಹೋದಳು. ಐದು ನಿಮಿಷಕ್ಕೆ ನನಗೆ ಬಾದಾಮಿ ಹಾಲು ಬಂತು. ಹಲ್ಲಿನ ಆಸ್ಪತ್ರೆಯಲ್ಲಿ ಅಷ್ಟು ಸಕ್ಕರೆ ಹಾಕಿದ ಬಾದಾಮಿ ಹಾಲು ಕೊಡಬಹುದಾ ಅಂತ ಭಾವನ ಚೀಟಿಯಲ್ಲಿ ಇರಲಿಲ್ಲ, ಕುಡಿದುಬಿಟ್ಟೆ. ಆಮೇಲೆ ಮ್ಯಾನೇಜರ್ ಬಂದು ಕೈ ಮುಗಿದು, "ಮೇಡಂ, ಆರೋಗ್ಯ ಇಲಾಖೆಯಿಂದಾನಾ?" ಅಂದರು. ಅಲ್ಲ, ಅಕ್ಕನ ಹಲ್ಲಿನ ಕಡೆಯಿಂದ ಅಂದೆ. ಅವರ ಮುಖದಲ್ಲಿ ಜೀವ ಬಂತು. ಬಂದಿದ್ದೀರಿ, ಫ್ರೀ ಚೆಕಪ್ ಮಾಡಿಸಿಕೊಂಡೇ ಹೋಗಿ ಅಂತ ಕುರ್ಚಿಯಲ್ಲಿ ಮಲಗಿಸಿದರು. ಬಾಯಿಗೆ ಪೆನ್ನಿನಂಥ ಕ್ಯಾಮೆರಾ ಇಟ್ಟರೆ ಎದುರಿನ ಟಿವಿಯಲ್ಲಿ ನನ್ನ ದವಡೆ ಹಲ್ಲು ಬ್ಯೂಗಲ್ ರಾಕ್ ಬಂಡೆಯಷ್ಟು ದೊಡ್ಡದಾಗಿ ಬಂತು. ಅಷ್ಟು ದೊಡ್ಡದು ಮಾಡಿದರೆ ಯಾರ ಹಲ್ಲಾದರೂ ಗುಹೆಯ ಹಾಗೇ ಕಾಣುತ್ತದೆ. ಒಟ್ಟು ಏಳು ತೂತು ಅಂದರು. ನಗುವಿಗೂ ಡಿಸೈನ್ ಮಾಡುತ್ತಾರಂತೆ, ಕಂತಿನಲ್ಲಿ ಕಟ್ಟಬಹುದಂತೆ. ನಿಮ್ಮ ಭಾವನವರ ಇಂಪ್ಲಾಂಟಾ, ಒಂದೇ ಟ್ರಿಪ್ಪಿನಲ್ಲಿ ಹಲ್ಲು ಕೂರಿಸಿ ಕಳಿಸುತ್ತೇವೆ ಅಂದರು. ಭಾವನ ಬಾಯನ್ನು ಇನ್ನೂ ಯಾರೂ ನೋಡಿರಲಿಲ್ಲ.

ಎರಡನೇ ಕ್ಲಿನಿಕ್ಕಿನಲ್ಲಿ ಸೋಫಾ ಚಿಕ್ಕದು. ತೂತು ಮೂರೇ.

ಮೂರನೆಯದು ಡಿವಿಜಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಗ್ರಂದಿಗೆ ಅಂಗಡಿಯ ಮಹಡಿ ಮೇಲೆ. ಮೆಟ್ಟಿಲು ಹತ್ತುವಾಗಲೇ ಕರ್ಪೂರದ ವಾಸನೆ. ಕೂರಲು ಮರದ ಬೆಂಚು. ಡಾಕ್ಟರು ಅರವತ್ತರ ಹತ್ತಿರದ ಹೆಂಗಸು, ಕನ್ನಡಕ ಹಣೆ ಮೇಲೆ. ನಾನು ಇಪ್ಪತ್ತೆರಡು ಪ್ರಶ್ನೆ ತೆಗೆದಾಗ ಅವರು ಬೈಯುತ್ತಾರೆ ಅಂದುಕೊಂಡೆ. ಚೀಟಿ ಇಸಿದುಕೊಂಡು ತಾವೇ ಓದಿದರು.

"ಆಟೋಕ್ಲೇವ್ ಇದ್ಯಾ ಅಂತ ಕೇಳಿದಾರೆ. ಬನ್ನಿ ತೋರಿಸ್ತೀನಿ. ಸಾಮಾನಿನ ಕ್ರಿಮಿ ಸಾಯಿಸೋ ಮಿಷನ್ನು, ನಿಮ್ಮನೆ ಕುಕ್ಕರ್ ಇದ್ದ ಹಾಗೇನೇ. 121 ಡಿಗ್ರಿ, 15 ಪೌಂಡ್ ಒತ್ತಡ. ಸೀಟಿ ಮಾತ್ರ ಹೊಡೆಯಲ್ಲ." ಪುಟ್ಟ ಪುಟ್ಟ ಕವರಿನಲ್ಲಿ ಒಂದೊಂದು ಸೆಟ್ಟು ಸಾಮಾನು. ಕವರಿನ ಅಂಚಿನಲ್ಲಿ ಒಂದು ಗುರುತು, ಒಳಗಿನ ಹಬೆ ತಾಕಿದ ಮೇಲೆ ಅದರ ಬಣ್ಣ ಬದಲಾಗಿತ್ತು. "ಪೇಷೆಂಟ್ ಮುಂದೇನೇ ಕವರ್ ಹರೀಬೇಕು. ಹರೀದಿದ್ರೆ ಕೇಳಿ, ನಾಚ್ಕೋಬೇಡಿ."

ತಾವು ಬಿಡಿಎಸ್, ಎಲ್ಲಾ ತಾವೇ ಮಾಡುವುದಿಲ್ಲ ಅಂದರು. ರೂಟ್ ಕೆನಾಲ್‌ನಲ್ಲಿ ಎಂಡಿಎಸ್ ಅನ್ನುವ ಮೇಲಿನ ಡಿಗ್ರಿ ಮಾಡಿದವರು ಮಂಗಳವಾರ ಬರುತ್ತಾರೆ, ಇಂಪ್ಲಾಂಟಿನವರು ಗುರುವಾರ. ಮಂಗಳವಾರ ಸುಬ್ರಹ್ಮಣ್ಯ, ಗುರುವಾರ ರಾಯರು ಇದ್ದ ಹಾಗೆ. ಒಂದೇ ಟ್ರಿಪ್ಪಿನ ವಿಷಯ ಕೇಳಿದೆ. "ಕೆಲವರಿಗೆ ಆಗುತ್ತೆ. ಮೂಳೆ ನೋಡದೆ ನಾನು ಹೇಳಲ್ಲ. ಸಾಮಾನ್ಯವಾಗಿ ಟೈಟಾನಿಯಂ ಸ್ಕ್ರೂನ ಮೂಳೆ ಹಿಡ್ಕೊಳ್ಳೋಕೆ ಮೂರರಿಂದ ಆರು ತಿಂಗಳು ಬೇಕು. ಇನ್ನೊಂದು ಸಲ ಬರಬೇಕಾಗುತ್ತೆ ಅಂತ ಈಗ್ಲೇ ಹೇಳಿ. ಮತ್ತೆ ಯಾವ ಕಂಪನಿ ಇಂಪ್ಲಾಂಟ್ ಅನ್ನೋ ಸ್ಟಿಕ್ಕರ್ ಕೊಡ್ತೀವಿ, ಪಾಸ್‌ಪೋರ್ಟ್ ಥರ ಇಟ್ಕೊಳ್ಳಲಿ. ಕಂಪನಿಗೊಂದು ಸ್ಕ್ರೂಡ್ರೈವರ್. ಅಲ್ಲಿ ಹೋದ್ಮೇಲೆ ಸಡಿಲ ಆದ್ರೆ ಅಲ್ಲಿನ ಡಾಕ್ಟರು ಏನು ಮಾಡ್ಬೇಕು?"

ಕೊನೆಗೆ ನನ್ನ ಬಾಯಿ ನೋಡಿದರು. ಎಡಗಡೆ ಕೆಳಗೆ ಹಳೇ ಸಿಮೆಂಟಿನ ಪಕ್ಕ ಸಣ್ಣ ಬಿರುಕಿದೆ, ಈಗ ಏನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ, ಆ ಕಡೆ ಗಟ್ಟಿ ಪದಾರ್ಥ ಕಡಿಯಬೇಡಿ ಅಂದರು. ತೂತು? ಒಂದೂ ಇಲ್ಲ. ಮುನ್ನೂರು ರೂಪಾಯಿ ತೆಗೆದುಕೊಂಡು ಏನೂ ಮಾಡದೆ ಕಳಿಸಿದರಲ್ಲ ಅಂತ ನಮ್ಮನೆಯವರಿಗೆ ಹೊಟ್ಟೆ ಉರಿಯಿತು. ನಾನು ಮೆಟ್ಟಿಲಿಳಿಯುವಾಗಲೇ ಭಾವನಿಗೆ ಮೆಸೇಜ್ ಹಾಕಿದ್ದೆ, ಸಿಕ್ತು ಅಂತ.

ಭಾವ ಆರು ತಿಂಗಳ ವಿಷಯ ಓದಿ ಹೌಹಾರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಖುಷಿಯಾದರು. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವವರು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಕೂರಿಸಿ, ಕೆಲಸ ಮುಗಿದ ಮೇಲೆ ಕೀಳಲು ಹೋದರೆ ಅದು ಬರಲೇ ಇಲ್ಲವಂತೆ. ಅದೇ ನೋಡಿ 1965ರಲ್ಲಿ ಮೊದಲ ಸಲ ಮನುಷ್ಯರ ದವಡೆಗೆ ಹಾಕಿದ್ದು. ನಾಲ್ಕು ದಿನಕ್ಕೆ ಅಂತ ಬಂದು ಕಚ್ಚಿಕೊಂಡು ಕೂರುವುದು. ಭಾವ ಇದನ್ನೆಲ್ಲ ವಿವರಿಸಿ, "ಹಾಗಾದ್ರೆ ಯುಗಾದಿಗೆ ಮತ್ತೆ ಬರ್ತೀವಿ, ಆಗ ಒಂದು ತಿಂಗಳು ಇರೋಣ" ಅಂದರು.

ಕಾರ್ತಿಕದ ಕೊನೆಗೆ ಇಬ್ಬರೂ ಬಂದಿಳಿದರು. ಅಮೆರಿಕದ ರಿಪೋರ್ಟನ್ನು ಭಾವ ಮೊದಲೇ ಕ್ಲಿನಿಕ್ಕಿಗೆ ಮೇಲ್ ಮಾಡಿದ್ದರು. ಹೆಂಡತಿಗೆ 14ನೇ ನಂಬರ್ ಹಲ್ಲು, ತಮಗೆ 30ನೇ ನಂಬರ್. ಸೋಮವಾರ ಸಂಜೆ ರಿಸೆಪ್ಷನಿನ ಹುಡುಗಿ ಫೋನ್ ಮಾಡಿದಳು. ಭಾವ ಸ್ಪೀಕರಿಗೆ ಹಾಕಿದರು.

"ಸರ್, ನೀವು ಬರೆದಿರೋ ಮೂವತ್ತನೇ ನಂಬರ್ ಹಲ್ಲು ಇಲ್ಲ ಸರ್."

"ಇಲ್ಲ ಅಂತಾನೇ ಅಲ್ವೇನಮ್ಮಾ ನಾವು ಬಂದಿರೋದು?"

"ಅಲ್ಲ ಸರ್. ಯಾರಿಗೂ ಇರಲ್ಲ."

ಭಾವ ಫೋನಿಟ್ಟು ನನ್ನನ್ನು ನೋಡಿದ ನೋಟದಲ್ಲಿ ಮೆಕ್ಸಿಕೋ ಇತ್ತು.

ಮಾರನೇ ದಿನ ಅಕ್ಕ ಕುರ್ಚಿಯಲ್ಲಿ. ಡಾಕ್ಟರು ಅವಳ ಬಲಗಡೆ ಮೇಲಿನ ಹಲ್ಲನ್ನು ಟಕ್ ಟಕ್ ಅಂತ ತಟ್ಟಿ, ನೋವಿದ್ಯಾ ಅಂದರು. ಅಕ್ಕ ಇಲ್ಲ ಅಂತ ತಲೆಯಾಡಿಸಿದಳು. ಐಸಿನಂಥದ್ದು ತಾಗಿಸಿದರು. ಏನೂ ಇಲ್ಲ. ಅಕ್ಕ ಎಡಗಡೆ ಕೆನ್ನೆ ತೋರಿಸುತ್ತಿದ್ದಾಳೆ. ಭಾವ ಪಕ್ಕದಲ್ಲಿ ನಿಂತು, "ರಿಪೋರ್ಟ್‌ನಲ್ಲಿ 14 ಅಂತ ಕ್ಲಿಯರ್ ಆಗಿದೆ, ನಿನಗೆ ಗೊತ್ತಾಗ್ತಿಲ್ಲ ಸುಮ್ನಿರು" ಅನ್ನುತ್ತಿದ್ದಾರೆ. ಇಪ್ಪತ್ತೆಂಟು ವರ್ಷದ ಸಂಸಾರ ಅಂದರೆ ಇದೇ ಅಲ್ವಾ, ಅವಳ ಹಲ್ಲು ಎಲ್ಲಿ ನೋಯುತ್ತದೆ ಅಂತ ಇವರು ಹೇಳುವುದು.

ಡಾಕ್ಟರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ರಿಪೋರ್ಟ್ ನೋಡಿದರು. ನಕ್ಕರು. "ಇದು ಅಮೆರಿಕದ ಲೆಕ್ಕ. ಅಲ್ಲಿ ಒಂದರಿಂದ ಮೂವತ್ತೆರಡು ಸಾಲಾಗಿ ಎಣಿಸ್ತಾರೆ. ನಮ್ಮದು ಜಯನಗರದ ಲೆಕ್ಕ."

ಬಾಯಿಗೆ ನಾಲ್ಕು ಬ್ಲಾಕು. ಮೇಲೆ ಬಲಗಡೆ ಒಂದನೇ ಬ್ಲಾಕು, ಎಡಗಡೆ ಎರಡನೆಯದು. ಕೆಳಗೆ ಎಡಗಡೆ ಮೂರು, ಬಲಗಡೆ ನಾಲ್ಕು. ಮುಂದಿನ ಹಲ್ಲಿನಿಂದ ಎಣಿಸುತ್ತಾ ಹಿಂದಕ್ಕೆ ಹೋದರೆ ಒಂದೊಂದು ಬ್ಲಾಕಿನಲ್ಲಿ ಎಂಟೆಂಟು ಮನೆ. 14 ಅಂದರೆ ಹದಿನಾಲ್ಕಲ್ಲ. ಒಂದನೇ ಬ್ಲಾಕ್, ನಾಲ್ಕನೇ ಮನೆ. ಅಕ್ಕನ ಹಲ್ಲು ಇರುವುದು ಎರಡನೇ ಬ್ಲಾಕ್, ಆರನೇ ಮನೆ. ಅಂದರೆ 26. ಭಾವನ 30ಕ್ಕೆ ಮೂರನೇ ಬ್ಲಾಕಿನಲ್ಲಿ ಸೊನ್ನೆ ನಂಬರಿನ ಮನೆ ಹುಡುಕಿ ಆ ಹುಡುಗಿ ಸುಸ್ತಾಗಿದ್ದಳು. ನಿಜವಾಗಿ ಅದು ನಾಲ್ಕನೇ ಬ್ಲಾಕ್, ಆರನೇ ನಂಬರ್. ನಾಲ್ಕನೇ ಬ್ಲಾಕಿನಲ್ಲಿ ಖಾಲಿ ಸೈಟು ಇಟ್ಟುಕೊಂಡಿರುವವರು ಇಡೀ ಬೆಂಗಳೂರಿನಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು.

ತಟ್ಟಿ ನೋಡದೆ, ಎಕ್ಸ್‌ರೇ ತೆಗೆಯದೆ, ಚೀಟಿ ನಂಬಿ ನೇರ ಡ್ರಿಲ್ ಹಿಡಿಯುವ ಡಾಕ್ಟರಾಗಿದ್ದರೆ? ಭಾವನ ಇಪ್ಪತ್ತೆರಡು ಪ್ರಶ್ನೆಯಲ್ಲಿ ಇದು ಇರಲಿಲ್ಲ. ಅವರ ಕಿವಿ ಕೆಂಪಾಗಿತ್ತು, ನಾನು ಬಾಯಿ ಬಿಡಲಿಲ್ಲ.

ರೂಟ್ ಕೆನಾಲ್ ಒಂದೂವರೆ ಗಂಟೆ ಹಿಡಿಯಿತು. ಹಲ್ಲಿನ ಸುತ್ತ ಹಸಿರು ರಬ್ಬರ್ ಹಾಳೆ ಬಿಗಿದು, ಬೇರಿನ ಒಳಗೆ ನಾಲ್ಕು ಕೆನಾಲ್, ಅಂದರೆ ನರದ ದಾರಿ, ಹುಡುಕಿದರು. ನಾಲ್ಕನೆಯದು ಬಚ್ಚಿಟ್ಟುಕೊಂಡಿರುತ್ತದಂತೆ. ಕೊನೆಗೆ ತುಂಬುವ ಸಾಮಾನಿನ ಹೆಸರು ಗಟ್ಟಾಪರ್ಚಾ, ಮರದ ಹಾಲಿನಿಂದ ಮಾಡುವುದು. ಟೆಲಿಕಾಂ ಕಂಪನಿಯಲ್ಲಿದ್ದ ಭಾವನಿಗೆ ಕಳೆದುಹೋದ ಮರ್ಯಾದೆ ವಾಪಸ್ ತರಲು ಇದೊಂದು ಸಿಕ್ಕಿತು. "1858ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಮೊದಲ ಟೆಲಿಗ್ರಾಫ್ ಕೇಬಲ್ ಎಳೆದಾಗ ಇದನ್ನೇ ಸುತ್ತಿದ್ರು ಗೊತ್ತಾ?" ಅಂದರು.

ಅಕ್ಕ ಮರಗಟ್ಟಿದ ತುಟಿಯಲ್ಲೇ ಕೇಳಿದಳು, "ಎಸ್ಟು ವರ್ಸ ಬಂತು?"

"ಮೂರು ವಾರ" ಅಂದರು ಭಾವ, ಮೆಲ್ಲಗೆ.

ಗುರುವಾರ ಭಾವನ ಸ್ಕ್ರೂ ಕೂತಿತು. ಮುಂದಿನ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಇಪ್ಪತ್ತೆಂಟು ವರ್ಷದ ಮೇಲೆ ಪರಿಷೆ ಹೊತ್ತಿಗೆ ಊರಿಗೆ ಬಂದಿರುವ ಅಕ್ಕನ ಹಲ್ಲಿಗೆ ಕ್ಯಾಪು ಬರುವುದು ಬುಧವಾರ. ಭಾವನ ವಸಡಿನಲ್ಲಿ ಹೊಲಿಗೆ. ಇಬ್ಬರೂ ದೊಡ್ಡ ಬಸವಣ್ಣನ ಗುಡಿ ರಸ್ತೆಯ ಎರಡೂ ಕಡೆ ಗುಡ್ಡೆ ಗುಡ್ಡೆ ಬಿದ್ದ ಕಡಲೆಕಾಯಿಯನ್ನು ಮ್ಯೂಸಿಯಂ ನೋಡುವ ಹಾಗೆ ನೋಡುತ್ತಾ ನಡೆದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಯಾರಾದರೂ ಹೇಳಿಯಾರು ಅಂತ ಭಾವ ಮೊದಲೇ ಕಣ್ಣು ಕೆಂಪಗೆ ಮಾಡಿಕೊಂಡಿದ್ದರು. ಅಮ್ಮ ಮಾತ್ರ ಬೇಯಿಸಿದ್ದು ಒಂದು ಸೇರು, ಹುರಿದದ್ದು ಒಂದು ಸೇರು ಸೆರಗಿಗೆ ಸುರಿಸಿಕೊಂಡು, ಸರ್ಕಾರಿ ಹಲ್ಲಿನಲ್ಲಿ ಕಟಂ ಕಟಂ ಅನ್ನಿಸುತ್ತಿದ್ದರು.

ಬಿಸಿ ಬಿಸಿ ಹುರಿದ ಕಡಲೆಕಾಯಿ. ನನಗೆ ತಾನೇ ಯಾವ ಹೊಲಿಗೆ? ನಾನೂ ಒಂದು ಹಿಡಿ ತೆಗೆದುಕೊಂಡೆ. ಆ ಕಡೆ ಕಡಿಯಬೇಡಿ ಅಂದಿದ್ದು ಯಾವ ಕಡೆ ಅಂತ ನೆನಪಾಗುವಷ್ಟರಲ್ಲಿ ಒಳಗೊಂದು ಕಲ್ಲು ಸಿಕ್ಕಿತು. ಕಟ್ ಅಂತು. ಉಗುಳಿ ನೋಡಿದರೆ ಕಲ್ಲಲ್ಲ.

ನಾನು ಕೆನ್ನೆ ಹಿಡಿದುಕೊಂಡು ನಿಂತಿದ್ದನ್ನು ನೋಡಿ ಅಮ್ಮ ಸೆರಗು ಗಂಟು ಹಾಕುತ್ತಾ, "ಏನಾಯ್ತೇ? ಯಾವುದು?" ಅಂದರು.

"ಮೂರನೇ ಬ್ಲಾಕ್, ಆರನೇ ಮನೆ" ಅಂದೆ.

"ಯಾರ ಮನೇನೇ ಅದು?" ಅಂದರು ಅಮ್ಮ.